ಕರು ಹಾಕುವ ಮುಂಚೆಯೇ ಕ್ಯಾಲ್ಸಿಯಂ ಏರಿಸಬಹುದಾ?

ಹಸುಮನೆ:
ನಮ್ಮ ಜೆರ್ಸಿ ಮೂರನೇ ಸಲ ಗಬ್ಬ, ದಿನ ತುಂಬಿದೆ. ಬಾಲದ ಬುಡದ ಎರಡೂ ಪಕ್ಕ ನಿನ್ನೆವರೆಗೂ ಹಗ್ಗದ ಹಾಗೆ ಬಿಗಿಯಾಗಿದ್ದ ಜಾಗ ಇವತ್ತು ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿದೆ. ಕೆಚ್ಚಲು ಬಿಗಿದು ತೊಟ್ಟು ಹೊಳೆಯುತ್ತಿದೆ. ಮೇವು ಅರ್ಧಕ್ಕೇ ಬಿಡುತ್ತಿದೆ. ಹಾರ್ಮೋನ್ ಏರುಪೇರು ಅಂತಾರಲ್ಲ, ಅದೇನಾ? ಕಳೆದ ಸಲ ಹಾಲು ಜ್ವರ (ಕರು ಹಾಕಿದ ಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ) ಬಂದು ಮಲಗಿಬಿಟ್ಟಿತ್ತು. ಈ ಸಲ ಮುಂಚೆಯೇ ನರಕ್ಕೆ ಕ್ಯಾಲ್ಸಿಯಂ ಬಾಟಲಿ ಹಾಕಿಸಿಬಿಡೋಣ ಅಂತಿದ್ದೇನೆ.

ಕೊಟ್ಟಿಗೆಯಕ್ಕ:
ಹೌದು, ಅದೇ. ಆದರೆ ಇದು ಕಾಯಿಲೆ ಅಲ್ಲ. ಇದನ್ನೆಲ್ಲ ಶುರು ಮಾಡುವುದು ತಾಯಿಯಲ್ಲ, ಕರು! ದಿನ ತುಂಬಿದಾಗ ಅದರ ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಏರುತ್ತದೆ. ಆಗ ಇಷ್ಟು ತಿಂಗಳು ಗಬ್ಬ ಕಾಯ್ದ ಪ್ರೊಜೆಸ್ಟರಾನ್ ಇಳಿದು, ಈಸ್ಟ್ರೊಜೆನ್ ಜಾಸ್ತಿ ಆಗುತ್ತದೆ. ಬಾಲದ ಬುಡ ಸಡಿಲಾಗುವುದು ಈಸ್ಟ್ರೊಜೆನ್, ರಿಲ್ಯಾಕ್ಸಿನ್ ಕೆಲಸ. ಕೆಚ್ಚಲಿಗೆ ಹಾಲು ತರಿಸುವುದು ಪ್ರೊಲ್ಯಾಕ್ಟಿನ್. ಮೇವು ಕಡಿಮೆ ಆಗುವುದೂ ಈ ಹೊತ್ತಿನಲ್ಲಿ ಮಾಮೂಲು.

ಥರ್ಮಾಮೀಟರ್ ಇದ್ದರೆ ಬೆಳಿಗ್ಗೆ ಸಂಜೆ ಒಂದೇ ಹೊತ್ತಿಗೆ ನೋಡಿ. ಮೈ ಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಕರು.

ಬಾಟಲಿ ಮಾತ್ರ ಈಗ ಬೇಡ. ಗಿಣ್ಣು ಇಳಿಯುತ್ತಿದ್ದ ಹಾಗೆ ರಕ್ತದ ಕ್ಯಾಲ್ಸಿಯಂ ಕೆಚ್ಚಲಿಗೆ ಓಡುತ್ತದೆ. ಆ ಕೊರತೆ ತುಂಬಲು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ತರುವುದು ಪ್ಯಾರಾಥೈರಾಯ್ಡ್ ಹಾರ್ಮೋನ್. ಮುಂಚೆಯೇ ರಕ್ತದಲ್ಲಿ ತುಂಬಿಟ್ಟರೆ ಆ ಹಾರ್ಮೋನ್ ಸುಮ್ನೆ ಕೂತುಬಿಡುತ್ತದೆ, ಬೇಕಾದಾಗ ಬೇಗ ಏಳುವುದಿಲ್ಲ. ಹಾಲು ಬತ್ತಿಸಿದ ಮೇಲೂ ಕ್ಯಾಲ್ಸಿಯಂ ಪುಡಿ ಸುರಿಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಮೂರನೇ ಕರು, ಅದೂ ಜೆರ್ಸಿ, ಹಾಲು ಜ್ವರ ಒಮ್ಮೆ ಬಂದು ಹೋಗಿದೆ ಬೇರೆ. ಹಾಗಾಗಿ ಡಾಕ್ಟರಿಗೆ ಈಗಲೇ ಹೇಳಿಡಿ. ಕರು ಹಾಕಿದ ಕೂಡಲೇ ಬಾಯಿಗೆ ಕೊಡುವ ಕ್ಯಾಲ್ಸಿಯಂ ಜೆಲ್ ಒಂದು, ಸುಮಾರು 12 ಗಂಟೆ ಬಿಟ್ಟು ಇನ್ನೊಂದು. ಎದ್ದು ನಿಂತು ಸರಿಯಾಗಿ ನುಂಗುತ್ತಿದ್ದರೆ ಮಾತ್ರ.

ಹಸುಮನೆ:
ಸರಿ ಅಕ್ಕ, ಬಾಟಲಿ ಬೇಡ. ನೋವು ತಡವಾದರೆ ಆಕ್ಸಿಟೋಸಿನ್ (ಗರ್ಭಕೋಶವನ್ನು ಹಿಂಡಿಸುವ ಹಾರ್ಮೋನ್) ಇಂಜೆಕ್ಷನ್ ಕೊಟ್ಟರೆ ಬೇಗ ಆಗುತ್ತೆ ಅಂತ ಪಕ್ಕದವರು ಹೇಳ್ತಿದ್ದಾರೆ.

ಹಾಲುಗೈ:
ಕೇಳಬೇಡಿ ಅವರ ಮಾತು. ಗರ್ಭದ ಬಾಯಿ ತೆರೆದಿರದಿದ್ದರೆ, ಕರು ಅಡ್ಡ ಇದ್ದರೆ, ಆ ಇಂಜೆಕ್ಷನ್‌ಗೆ ಗರ್ಭಕೋಶವೇ ಹರಿಯಬಹುದು. ಕರು ದಾರಿಗೆ ಬಂದಾಗ ಅದರ ಒತ್ತಡಕ್ಕೇ ಹಸುವಿನ ಮೈ ಆಕ್ಸಿಟೋಸಿನ್ ಬಿಡುತ್ತದೆ. ಹೆದರಿದರೆ ಅಡ್ರಿನಲಿನ್ ಏರಿ ನೋವು ನಿಂತುಹೋಗುತ್ತದೆ. ಜನ ಗುಂಪು ಸೇರಿಸಬೇಡಿ, ನಾಯಿ ಬಿಡಬೇಡಿ. ನೀರಿನ ಚೀಲ ಒಡೆದು ಎರಡು ಗಂಟೆಯಾದರೂ ಕಾಲು ಕಾಣದಿದ್ದರೆ ಡಾಕ್ಟರನ್ನು ಕರೆಯಿರಿ.

ಕೊಟ್ಟಿಗೆಯಕ್ಕ:
ಇನ್ನೊಂದು ಮಾತು. ಕರು ಹಾಕಿದ ಮೇಲೆ ಕಿವಿ ಮುಟ್ಟಿ ನೋಡುತ್ತಿರಿ. ತಣ್ಣಗಿದ್ದು, ನಡಿಗೆ ತಡವರಿಸಿದರೆ ಹಾಲು ಜ್ವರದ ಸೂಚನೆ, ಮಲಗುವ ತನಕ ಕಾಯದೆ ಡಾಕ್ಟರನ್ನು ಕರೆಯಿರಿ. ಮಲಗಿ ಕತ್ತು ಪಕ್ಕೆಗೆ ತಿರುಗಿಸಿಕೊಂಡರಂತೂ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಆಗ ನರಕ್ಕೆ ಬಾಟಲಿಯೇ ಬೇಕು. ಅದನ್ನು ಡಾಕ್ಟರೇ ಎದೆಬಡಿತ ಕೇಳುತ್ತಾ ನಿಧಾನವಾಗಿ ಬಿಡಬೇಕು.