ಸಹಾಯ ಬೇಕು: ಜಿಎಸ್‌ಟಿ ಕೆಲ್ಸ, ಮಗಳು, ವೀಣೆ ಮೂರೂ ಒಟ್ಟಿಗೆ ಹೇಗೆ?

ಎಲ್ರಿಗೂ ನಮಸ್ಕಾರ, ಮೈಸೂರಲ್ಲಿ ಮನೆಯಿಂದ್ಲೇ ಸಣ್ಣ ಅಂಗಡಿಯವ್ರಿಗೆ ಜಿಎಸ್‌ಟಿ ಕನ್ಸಲ್ಟಿಂಗ್ ಮಾಡ್ತೀನಿ. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟೋ ರಿಟರ್ನ್) ಹಾಕ್ಬೇಕು, ಬಿಲ್ಲೆಲ್ಲಾ ಕೊನೇ ದಿನ ಸಂಜೆನೇ ವಾಟ್ಸಾಪಲ್ಲಿ ಬರೋದು, ಅದೂ ಮುದುರಿದ ಚೀಟಿ ಫೋಟೋ, ಅದೇ ಹೊತ್ತಿಗೆ ಯುಕೆಜಿ ಮಗಳ ಹೋಂವರ್ಕ್, ನನ್ನ ವೀಣೆ ಕ್ಲಾಸು. ವೀಣೆ ಸೀನಿಯರ್ ಪರೀಕ್ಷೆ ಕಟ್ಟಿದೀನಿ, ಅಟತಾಳ ವರ್ಣ (ಉದ್ದ ತಾಳದ ಒಂದು ರಚನೆ) ಇನ್ನೂ ಕೈಗೆ ಕೂತಿಲ್ಲ. ಬೆಳಗ್ಗೆ ಬೇಗ ಎದ್ದು ನುಡಿಸೋಣ ಅಂದ್ರೆ ಮೊದಲ ಮೀಟಿಗೇ ಮಗಳು ಎದ್ದು ಬಂದು ತೊಡೆ ಮೇಲೆ ಕೂರ್ತಾಳೆ. 5ನೇ ತಾರೀಕಿಗೇ ಬಿಲ್ ಕಳ್ಸಿ ಅಂತ ಮೆಸೇಜ್ ಹಾಕಿದ್ರೆ ‘ಆಯ್ತು ಮೇಡಂ’ ಅಂತಾರೆ ಅಷ್ಟೇ (3ಬಿ ಲೇಟಾಗಿ ದಿನಕ್ಕೆ 50 ರೂಪಾಯಿ ಲೇಟ್ ಫೀ ಬಿದ್ರೆ ಮಾತ್ರ ಬೈಯೋದು ನಂಗೇ!). ಯಜಮಾನ್ರದ್ದು ಶಿಫ್ಟ್ ಕೆಲ್ಸ, ಸಂಜೆ ಸಿಗಲ್ಲ. ಬಿಲ್ ತಡವಾಗಿ ಕೊಡೋರಿಗೆ ಜಾಸ್ತಿ ಫೀಸ್ ಹಾಕ್ಲಾ, ಇಲ್ಲಾ ಒಂದಿಬ್ರು ಕ್ಲೈಂಟ್ ಬಿಡ್ಲಾ ಗೊತ್ತಾಗ್ತಿಲ್ಲ. ಹೀಗೆ ಫೀಸ್ ಹಾಕಿರೋರು ಇದ್ರೆ, ಎಷ್ಟು ಹಾಕಿದ್ರಿ, ಹಳೇ ಗಿರಾಕಿಗಳಿಗೆ ಬೇಜಾರಾಗದ ಹಾಗೆ ಹೇಗೆ ಹೇಳಿದ್ರಿ?