ಸರ್ವರ್ ಬಿಲ್ ಯಾರು ಕಟ್ಟಬೇಕು? ವಿಐಪಿ ರ‍್ಯಾಂಕ್ ಮಾರಬಹುದಾ?

ಹುಬ್ಬಳ್ಳಿ ಬ್ಲಾಕ್ಸ್
ಎಲ್ಲರಿಗೂ ನಮಸ್ಕಾರ. ನಮ್ಮ ಮೈನ್‌ಕ್ರಾಫ್ಟ್ ಸರ್ವೈವಲ್ ಸರ್ವರ್, ಅಂದರೆ ಅಗೆದು ಕಟ್ಟುವ ಈ ಆಟವನ್ನು ನಾವೆಲ್ಲ ಸೇರಿ ಆಡುವ ಕಂಪ್ಯೂಟರ್ ಬಗ್ಗೆ ನೇರವಾಗಿ ಕೇಳುತ್ತೇನೆ. ಮುಂಬೈ ಕ್ಲೌಡ್‌ನಲ್ಲಿ ಎಂಟು ಕೋರ್ (ಪ್ರೊಸೆಸರ್‌ನಲ್ಲಿ ಲೆಕ್ಕ ಮಾಡುವ ಭಾಗ) ಮಷಿನ್ ಬಾಡಿಗೆ, ಡೇಟಾ, ಬ್ಯಾಕಪ್ ಎಲ್ಲ ಸೇರಿ ತಿಂಗಳಿಗೆ ಹೆಚ್ಚುಕಡಿಮೆ 9 ಸಾವಿರ ರೂಪಾಯಿ ಆಗುತ್ತಿದೆ. ಇಲ್ಲಿವರೆಗೆ ನನ್ನ ಸಂಬಳದಿಂದ ಕಟ್ಟಿದ್ದೇನೆ, ಇನ್ನು ಆಗುವುದಿಲ್ಲ. ರಜೆಯಲ್ಲಿ ಸಂಜೆಯಾದರೆ ಸರ್ವರ್ ತುಂಬುತ್ತದೆ, ಪರೀಕ್ಷೆ ಬಂದರೆ ನಾಲ್ಕೈದು ಜನ. ಬಿಲ್ ಮಾತ್ರ ಅಷ್ಟೇ ಬರುತ್ತದೆ. ದೇಣಿಗೆ ಕೇಳಿದರೆ ಯಾವಾಗಲೂ ಅದೇ ಮೂರು ಜನ ಕೊಡುತ್ತಾರೆ. ಹಾಗಾಗಿ 299 ರೂಪಾಯಿಗೆ ವಿಐಪಿ ರ‍್ಯಾಂಕ್ ತರೋಣ ಅಂದುಕೊಂಡಿದ್ದೇನೆ. ಅದರಲ್ಲಿ ಡೈಮಂಡ್ ಕಿಟ್ (ಆಟದ ವಜ್ರದ ಆಯುಧ, ಕವಚ), ಹಾರುವ ಅನುಮತಿ, ಬೇರೆಯವರು ಮುಟ್ಟದಂತೆ ಜಾಸ್ತಿ ಜಮೀನು ಕ್ಲೇಮ್. ಏನಂತೀರಿ?

ಶಿವಮೊಗ್ಗ ಕ್ರೀಪರ್
ಬೇಡ ಅಣ್ಣ. ನಾವು ವಾರಗಟ್ಟಲೆ ಅಗೆದು ಸಂಪಾದಿಸಿದ್ದು 299 ಕೊಟ್ಟವನಿಗೆ ಮೊದಲ ದಿನವೇ ಸಿಕ್ಕರೆ ಅಗೆಯುವುದು ಯಾಕೆ? ನಾನು ಹಿಂದೆ ಆಡುತ್ತಿದ್ದ ಸರ್ವರ್‌ನಲ್ಲಿ ಹೀಗೇ ಆಯಿತು. ದುಡ್ಡು ಕೊಡದವರು ಒಬ್ಬೊಬ್ಬರಾಗಿ ಬಿಟ್ಟರು. ಆಮೇಲೆ ಜೊತೆಗೆ ಆಡುವವರೇ ಇಲ್ಲ ಅಂತ ಕೊಟ್ಟವರೂ ಬಿಟ್ಟರು.

ನಾಗ ಸಿಸ್ಟಮ್ಸ್
ಅದು ಬರೀ ಇಷ್ಟಾನಿಷ್ಟದ ಮಾತಲ್ಲ, ನಿಯಮಕ್ಕೂ ವಿರುದ್ಧ. 2014ರ ಜೂನ್‌ನಲ್ಲೇ ಆಟ ಮಾಡಿದ ಕಂಪನಿ ಮೊಜಾಂಗ್ ಇದನ್ನು ಬಿಡಿಸಿ ಹೇಳಿತು. ಒಳಗೆ ಬರಲು ಶುಲ್ಕ ಇಡಬಹುದು, ಆದರೆ ಎಲ್ಲರಿಗೂ ಒಂದೇ ಆಗಿರಬೇಕು. ದೇಣಿಗೆ ತಗೊಳ್ಳಬಹುದು. ಜಾಹೀರಾತು, ಪ್ರಾಯೋಜಕರು ಸರಿ. ಟೋಪಿ, ಬಣ್ಣ, ಸಾಕುಪ್ರಾಣಿಯಂಥ ಅಲಂಕಾರ ಮಾರಬಹುದು. ಆಟದಲ್ಲಿ ಮೇಲುಗೈ ಕೊಡುವ ವಸ್ತು ಮಾತ್ರ ಮಾರುವಂತಿಲ್ಲ. ಡೈಮಂಡ್ ಕಿಟ್ ಅದೇ ಅಲ್ವಾ?

ಇನ್ನೊಂದು ಮಾತು. ದುಡ್ಡು ಎತ್ತುವ ಮೊದಲು ಅದು ಎಲ್ಲಿ ಸೋರುತ್ತಿದೆ ನೋಡಿ. ಮೈನ್‌ಕ್ರಾಫ್ಟ್ ಸೆಕೆಂಡಿಗೆ 20 ಟಿಕ್ (ಆಟದ ಲೆಕ್ಕದ ಒಂದು ಸುತ್ತು) ಓಡುತ್ತದೆ, ಅಂದರೆ ಒಂದು ಟಿಕ್‌ಗೆ 50 ಮಿಲಿಸೆಕೆಂಡ್. ಆಟದ ಮುಖ್ಯ ಲೆಕ್ಕವೆಲ್ಲ ಹೆಚ್ಚುಕಡಿಮೆ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಕೋರ್ ಒಂದಾದ ಮೇಲೊಂದು ಮಾಡುವ ಸಾಲಿನಲ್ಲಿ ನಡೆಯುತ್ತದೆ. ನೀವು ಎಂಟು ಕೋರ್‌ಗೆ ಬಾಡಿಗೆ ಕಟ್ಟುತ್ತಿದ್ದೀರಿ, ದುಡಿಯುತ್ತಿರುವುದು ಬಹುಪಾಲು ಒಂದು. ನಿಮಗೆ ಬೇಕಾದ್ದು ಜಾಸ್ತಿ ಕೋರ್ ಅಲ್ಲ, ವೇಗದ ಕೋರ್.

ವ್ಯೂ ಡಿಸ್ಟನ್ಸ್, ಅಂದರೆ ಆಟಗಾರನಿಗೆ ಕಾಣುವ ದೂರ, ಎಷ್ಟಿಟ್ಟಿದ್ದೀರಿ? ಮೂಲದಲ್ಲಿ 10 ಇರುತ್ತದೆ. ಆಟಗಾರನ ಸುತ್ತ ಎಲ್ಲ ಕಡೆ ಹತ್ತು ಚಂಕ್ (ಆಟದ ಜಗತ್ತಿನ ಚೌಕ ತುಂಡು) ಅಂದರೆ ಅವನು ನಿಂತದ್ದೂ ಸೇರಿ 21 ಗುಣಿಸು 21, ಒಟ್ಟು 441 ಚಂಕ್. ಅದನ್ನು 6ಕ್ಕೆ ಇಳಿಸಿದರೆ 13 ಗುಣಿಸು 13, ಬರೀ 169. ಒಬ್ಬೊಬ್ಬ ಆಟಗಾರನಿಗೂ ಈ ಉಳಿತಾಯ. ಸರ್ವರ್ ಉಸಿರಾಡುತ್ತದೆ, ಹೊರಗೆ ಹೋಗುವ ಡೇಟಾವೂ ಇಳಿಯುತ್ತದೆ. ಜಗತ್ತಿಗೆ ಗಡಿ ಹಾಕಿ, ಚಂಕ್‌ಗಳನ್ನು ಮೊದಲೇ ತಯಾರಿಸಿಡಿ. ಹೊಸ ಜಾಗ ಹುಡುಕಿಕೊಂಡು ಹಾರುವವರಿಂದಲೇ ಅರ್ಧ ಲ್ಯಾಗ್ (ಆಟ ತಡವರಿಸುವುದು) ಬರುವುದು.

ಹುಬ್ಬಳ್ಳಿ ಬ್ಲಾಕ್ಸ್
10 ಅಲ್ಲ, 12 ಇದೆ. ಇವತ್ತೇ ಇಳಿಸುತ್ತೇನೆ. ಡೇಟಾಗೆ ಅಷ್ಟೊಂದು ಖರ್ಚಾಗುತ್ತದಾ?

ನಾಗ ಸಿಸ್ಟಮ್ಸ್
ದೊಡ್ಡ ಕ್ಲೌಡ್‌ಗಳಲ್ಲಿ ಹೌದು. ಉದಾಹರಣೆಗೆ ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್ ಮುಂಬೈನಿಂದ ಇಂಟರ್ನೆಟ್‌ಗೆ ಹೋಗುವ ಡೇಟಾಗೆ ಜಿಬಿಗೆ ಸುಮಾರು 11 ಸೆಂಟ್. ತಿಂಗಳಿಗೆ 500 ಜಿಬಿ ಹೋಯಿತು ಅಂದುಕೊಳ್ಳಿ. ಉಚಿತವಾಗಿ ಸಿಗುವ 100 ಕಳೆದರೂ 44 ಡಾಲರ್, ಮೇಲೆ 18% ಜಿಎಸ್‌ಟಿ. ಮಷಿನ್ ಬಾಡಿಗೆ ಇದರಲ್ಲಿ ಸೇರಿಲ್ಲ.

ಮ್ಯೂನಿಕ್ ಮಂಜು
ಇಲ್ಲಿ ಜರ್ಮನಿಯಲ್ಲಿ ಹೆಟ್ಜ್‌ನರ್ ಥರದವರು ಸಣ್ಣ ಮಷಿನ್‌ಗೂ 20 ಟಿಬಿ ಡೇಟಾ ಬಾಡಿಗೆಯಲ್ಲೇ ಸೇರಿಸಿ ಕೊಡುತ್ತಾರೆ. ಸರ್ವರ್ ಇಲ್ಲಿಗೇ ತನ್ನಿ, ಶುಲ್ಕದ ಮಾತೇ ಬೇಡ.

ನಾಗ ಸಿಸ್ಟಮ್ಸ್
ಪಿಂಗ್, ಅಂದರೆ ಸಂಕೇತ ಹೋಗಿ ಬರುವ ಸಮಯ ಮರೆತಿರಿ ಮಂಜು ಅವರೇ. ಬೆಂಗಳೂರಿಂದ ಅಲ್ಲಿಗೆ ಏಳು ಸಾವಿರ ಕಿಲೋಮೀಟರ್‌ಗೂ ಜಾಸ್ತಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕೇಬಲ್ ನೇರವಾಗಿದ್ದರೂ ಹೋಗಿ ಬರಲು 70 ಮಿಲಿಸೆಕೆಂಡ್ ಬೇಕು. ಕೇಬಲ್ ನೇರವಾಗಿಲ್ಲ, ಸಮುದ್ರ ಸುತ್ತಿಕೊಂಡು ಹೋಗುತ್ತದೆ. ಮನೆ ಕಟ್ಟುವವರಿಗೆ ತೊಂದರೆಯಿಲ್ಲ. ಭಾನುವಾರ ಕತ್ತಿ ಹಿಡಿದು ಹೊಡೆದಾಡುವವರಿಗೆ ಆಗುವುದಿಲ್ಲ.

ಶಿವಮೊಗ್ಗ ಕ್ರೀಪರ್
ಹಾಗಾದರೆ ಹಳೆ ಪಿಸಿ ಒಂದನ್ನು ಮನೆಯಲ್ಲೇ ಇಟ್ಟು ಓಡಿಸಿದರೆ?

ನಾಗ ಸಿಸ್ಟಮ್ಸ್
ನಾಲ್ಕು ಗೆಳೆಯರಿಗಾದರೆ ಧಾರಾಳವಾಗಿ. ಸಾರ್ವಜನಿಕ ಸರ್ವರ್‌ಗೆ ಬೇಡ. ಕರೆಂಟ್ ಹೋದರೆ ಆಟ ನಿಲ್ಲುತ್ತದೆ. ಬಹಳ ಮನೆ ಕನೆಕ್ಷನ್‌ಗಳಲ್ಲಿ ಸ್ವಂತ ಪಬ್ಲಿಕ್ ಐಪಿಯೂ (ಹೊರಗಿನವರು ತಲುಪುವ ಇಂಟರ್ನೆಟ್ ವಿಳಾಸ) ಇರುವುದಿಲ್ಲ. ಇದ್ದರೂ ಯಾರೋ ಒಬ್ಬ ಸಿಟ್ಟಿಗೆ ಡಿಡಾಸ್ (ಬೇಡದ ಡೇಟಾ ಸುರಿದು ಮುಳುಗಿಸುವ ದಾಳಿ) ಮಾಡಿದರೆ ಮನೆಯ ಇಂಟರ್ನೆಟ್ಟೇ ಬೀಳುತ್ತದೆ. ಇದನ್ನು ಹಗುರವಾಗಿ ನೋಡಬೇಡಿ. 2016ರಲ್ಲಿ ಅರ್ಧ ಇಂಟರ್ನೆಟ್ ಅಲ್ಲಾಡಿಸಿದ ಮಿರಾಯ್ ಬಾಟ್‌ನೆಟ್ (ಕದ್ದು ವಶಪಡಿಸಿಕೊಂಡ ಸಾಧನಗಳ ಜಾಲ) ಹುಟ್ಟಿದ್ದು ಮೈನ್‌ಕ್ರಾಫ್ಟ್ ಸರ್ವರ್‌ಗಳ ಈ ವ್ಯಾಪಾರದ ಜಗಳದಲ್ಲೇ. ಅದನ್ನು ಮಾಡಿದವರು ಸ್ವತಃ ಡಿಡಾಸ್ ರಕ್ಷಣೆ ಮಾರುತ್ತಿದ್ದವರು. ರಕ್ಷಣೆಯೂ ಒಂದು ಖರ್ಚು, ಬ್ಯಾಕಪ್ಪೂ ಅಷ್ಟೇ. 2021ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದಾಗ ರಸ್ಟ್ ಆಟದ 25 ಯುರೋಪ್ ಸರ್ವರ್‌ಗಳ ಡೇಟಾ ವಾಪಸ್ ಬರಲೇ ಇಲ್ಲ. ಬ್ಯಾಕಪ್ ಬೇರೆ ಊರಲ್ಲಿರಬೇಕು.

ಮೈಸೂರು ಅಮ್ಮ
ನಾನು ಆಡುವವಳಲ್ಲ, ಏಳನೇ ಕ್ಲಾಸಿನ ಮಗ ಇಲ್ಲಿ ಆಡುತ್ತಾನೆ. ಒಂದು ಕೇಳಿಕೊಳ್ಳುತ್ತೇನೆ. ಕ್ರೇಟ್ ಕೀ, ಅಂದರೆ ಒಳಗೇನಿದೆ ಗೊತ್ತಿಲ್ಲದ ಪೆಟ್ಟಿಗೆ ತೆಗೆಯಲು ದುಡ್ಡಿಗೆ ಮಾರುವ ಕೀಲಿ, ಮಾತ್ರ ತರಬೇಡಿ. ಇನ್ನೊಂದು ಆಟದಲ್ಲಿ ಅವನು ನನ್ನ ಫೋನ್‌ನಿಂದ ಯುಪಿಐ ಮಾಡಿ ಪೆಟ್ಟಿಗೆ ಮೇಲೆ ಪೆಟ್ಟಿಗೆ ತೆಗೆದ. ಬೇಕಾದ್ದು ಬರಲಿಲ್ಲ ಅಂತ ಮತ್ತೊಂದು. ಮಕ್ಕಳಿಗೆ ಇದು ಜೂಜೇ. ಬೆಲ್ಜಿಯಂನವರು 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜು ಅಂದರು. ನಮ್ಮಲ್ಲೂ 2025ರ ಕಾಯ್ದೆ ದುಡ್ಡು ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಚಂದಾ ತಗೊಂಡು ನಡೆಸುವ ಆಟಕ್ಕೆ ಅದರಲ್ಲಿ ಅವಕಾಶ ಇದೆ. ತಿಂಗಳಿಗೆ ಇಷ್ಟು ಅಂತ ಹೇಳಿಬಿಡಿ, ನಾನೇ ಕಟ್ಟುತ್ತೇನೆ. ನನಗೂ ಲೆಕ್ಕ ಗೊತ್ತಿರುತ್ತದೆ.

ಹುಬ್ಬಳ್ಳಿ ಬ್ಲಾಕ್ಸ್
ಕ್ರೇಟ್ ತರುವುದಿಲ್ಲ ಅಮ್ಮಾ, ಖಂಡಿತ. ಹಾಗಾದರೆ ಎಲ್ಲರಿಗೂ ತಿಂಗಳಿಗೆ 49 ರೂಪಾಯಿ? ಯುಪಿಐನಲ್ಲಿ ತಗೊಂಡರೆ ಕಮಿಷನ್ ಕಡಿತವೂ ಇಲ್ಲ.

ಶಿವಮೊಗ್ಗ ಕ್ರೀಪರ್
ಅಣ್ಣ, ನಮ್ಮ ಹಾಸ್ಟೆಲ್‌ನಲ್ಲಿ ಇಬ್ಬರಿಗೆ 49 ಕೂಡ ಕಷ್ಟ. ಮಾರುಕಟ್ಟೆ ಬೀದಿ ಪೂರ್ತಿ ಕಟ್ಟಿದ್ದು ಅವರೇ. ಅವರನ್ನು ಹೊರಗಿಟ್ಟು ಅವರು ಕಟ್ಟಿದ ಬೀದಿಯಲ್ಲಿ ಓಡಾಡುವುದಕ್ಕೆ ನನಗೆ ಮನಸ್ಸಿಲ್ಲ.

ಮೈಸೂರು ಅಮ್ಮ
ಅವರಿಬ್ಬರದ್ದೂ ನಾನು ಕೊಡುತ್ತೇನೆ. ಹೆಸರು ಎಲ್ಲೂ ಹಾಕಬೇಡಿ, ಹುಡುಗರಿಗೆ ಮುಜುಗರ ಆಗಬಾರದು.

ಮ್ಯೂನಿಕ್ ಮಂಜು
ನನ್ನ ಕಡೆಯಿಂದ ಹತ್ತು ಜನರದ್ದು. ಆದರೆ ಗಣೇಶೋತ್ಸವದ ಚಂದಾ ಹಾಗೆ, ಎಷ್ಟು ಬಂತು, ಎಷ್ಟು ಹೋಯಿತು ಅಂತ ಎಲ್ಲರಿಗೂ ಕಾಣುವಂತೆ ಬೋರ್ಡ್ ಹಾಕಿ. ನನ್ನಂಥವರು ಕೊಡದೆ ಸುಮ್ನಿರುವುದು ಬಿಲ್ ಎಷ್ಟು ಅಂತಲೇ ಗೊತ್ತಿಲ್ಲದ ಕಾರಣಕ್ಕೆ.

ನಾಗ ಸಿಸ್ಟಮ್ಸ್
ಬೇರೆಯವರ ಪರವಾಗಿ ಕಟ್ಟಿದರೆ ನಿಯಮಕ್ಕೂ ಅಡ್ಡಿಯಿಲ್ಲ, ಶುಲ್ಕ ಎಲ್ಲರಿಗೂ ಒಂದೇ ಇರುತ್ತದೆ. ಆದರೆ 49 ಈಗಲೇ ನಿಗದಿ ಮಾಡಬೇಡಿ. ಸೆಟ್ಟಿಂಗ್ ಇಳಿಸಿ, ಚಿಕ್ಕ ಮಷಿನ್‌ಗೆ ಹೋಗಿ, ಒಂದು ತಿಂಗಳ ಬಿಲ್ ಬರಲಿ. ಪರೀಕ್ಷೆ ತಿಂಗಳಲ್ಲಿ ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಮಷಿನ್ ಆಫ್ ಮಾಡಿ. ಗಂಟೆ ಲೆಕ್ಕದ ಬಾಡಿಗೆಯಾದರೆ ಅದೂ ಉಳಿಯುತ್ತದೆ.

ಶಿವಮೊಗ್ಗ ಕ್ರೀಪರ್
ಒಪ್ಪಿದೆ. ಕೊನೆಗೊಂದು ಪ್ರಶ್ನೆ. ಇಷ್ಟೆಲ್ಲ ಮಾಡಿಯೂ ಸರ್ವರ್ ನಿಲ್ಲಿಸಬೇಕಾಗಿ ಬಂದರೆ ನಾವು ಕಟ್ಟಿದ್ದು ಏನಾಗುತ್ತದೆ?

ಹುಬ್ಬಳ್ಳಿ ಬ್ಲಾಕ್ಸ್
ಒಂದು ತಿಂಗಳು ಮೊದಲೇ ಹೇಳುತ್ತೇನೆ. ವರ್ಲ್ಡ್ ಫೈಲ್ ಪೂರ್ತಿ ಡೌನ್‌ಲೋಡ್‌ಗೆ ಇಡುತ್ತೇನೆ, ದುಡ್ಡು ಕೊಟ್ಟಿರಲಿ ಬಿಡಲಿ, ಎಲ್ಲರಿಗೂ. ಮುಂಗಡ ಕಟ್ಟಿದವರಿಗೆ ಉಳಿದ ದುಡ್ಡು ವಾಪಸ್. ಇದನ್ನು ಸರ್ವರ್ ನಿಯಮದಲ್ಲೇ ಬರೆದು ಹಾಕುತ್ತೇನೆ. ಈ ತಿಂಗಳ ಬಿಲ್‌ನ ಫೋಟೋ ನಾಳೆ ಇಲ್ಲೇ ಹಾಕುತ್ತೇನೆ, ನಾಗ ಅವರು ಒಂದೊಂದು ಸಾಲೂ ನೋಡಿ ಹೇಳಲಿ.