ಪದಚರ್ಚೆ: ‘ಮಾರುಕಟ್ಟೆ ಮಿಶ್ರಣ’ದ ಬದಲು ‘ಹದ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಾನು ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡದಲ್ಲಿ ವ್ಯವಹಾರ ಅಧ್ಯಯನ ಹೇಳಿಕೊಡುತ್ತೇನೆ. ಎರಡನೇ ವರ್ಷದಲ್ಲಿ ‘ಮಾರ್ಕೆಟಿಂಗ್ ಮಿಕ್ಸ್’ ಪಾಠ ಬರುತ್ತದೆ. ಒಂದು ಸರಕು ಮಾರಲು ಬೇಕಾದ ತೀರ್ಮಾನಗಳನ್ನೆಲ್ಲ ಒಂದಕ್ಕೊಂದು ಹೊಂದಿಸಿಕೊಳ್ಳುವುದು ಅಂತ ಅರ್ಥ. ಕನ್ನಡದಲ್ಲಿ ಅದನ್ನು ‘ಮಾರುಕಟ್ಟೆ ಮಿಶ್ರಣ’ ಅನ್ನುತ್ತೇವೆ. ಪ್ರಾಡಕ್ಟ್ (ಸರಕು), ಪ್ರೈಸ್ (ಬೆಲೆ), ಪ್ಲೇಸ್ (ಸ್ಥಳ), ಪ್ರಮೋಶನ್ (ಜನ ಕೊಳ್ಳುವಂತೆ ಮಾಡುವ ಪ್ರಯತ್ನ) ಅನ್ನುವ ನಾಲ್ಕು ‘ಪಿ’ಗಳು. ಈ ಸಲ ಬಾಯಿಪಾಠ ಮಾಡಿಸಲಿಲ್ಲ. ಐದೈದು ಜನರ ಗುಂಪು ಮಾಡಿ, ‘ನೀವೊಂದು ಹೊಸ ಫಿಲ್ಟರ್ ಕಾಫಿಪುಡಿ ಮಾರುಕಟ್ಟೆಗೆ ಬಿಡಬೇಕು, ಯೋಜನೆ ಬರೆದು ತನ್ನಿ’ ಅಂದೆ. ಮಕ್ಕಳು ತುಂಬಾ ಆಸೆಯಿಂದ ಬರೆದರು. ಎಡವಿದ್ದು ನಾವು ಕೊಟ್ಟ ಪದಗಳ ಹತ್ತಿರ. ಅದಕ್ಕೇ ಈ ಪತ್ರ.

ಮೊದಲು ‘ಮಿಶ್ರಣ’. ಕಾಫಿ ಸೀಮೆಯಲ್ಲಿ ಮಿಶ್ರಣ ಅಂದ ಕೂಡಲೇ ನೆನಪಾಗುವುದು ಕಾಫಿಪುಡಿಗೆ ಬೆರೆಸುವ ಬೇರಿನ ಪುಡಿ, ಚಿಕೋರಿ. ಪೊಟ್ಟಣದ ಮೇಲೆ ಕಾಫಿ ಎಷ್ಟು ಪಾಲು, ಚಿಕೋರಿ ಎಷ್ಟು ಪಾಲು ಅಂತ ಬರೆಯಲೇಬೇಕು. ಕಾಫಿ ಶೇ. 51ಕ್ಕಿಂತ ಕಡಿಮೆ ಇರುವ ಹಾಗಿಲ್ಲ. ಒಂದು ಗುಂಪು ‘ಮಾರುಕಟ್ಟೆ ಮಿಶ್ರಣ’ ಅನ್ನುವ ತಲೆಬರಹದ ಕೆಳಗೆ ‘70 ಕಾಫಿ, 30 ಚಿಕೋರಿ’ ಅಂತ ಬರೆದು ತಂದಿತು. ಪದ ಓದಿದರೆ ಅದೇ ಅರ್ಥ ಬರುತ್ತದೆ, ಅಲ್ವಾ? ‘ಬೆರಕೆ’ ಅನ್ನೋಣ ಅಂದರೆ ‘ಕಲಬೆರಕೆ’ ಪಕ್ಕದಲ್ಲೇ ನಿಂತಿದೆ.

ಈ ಮಾತು ಹುಟ್ಟಿದ ಕಡೆ ಹೋಗಿ ನೋಡಿದೆ. 1948ರಲ್ಲಿ ಜೇಮ್ಸ್ ಕಲ್ಲಿಟನ್ ಅನ್ನುವ ಅಮೆರಿಕದ ಪ್ರಾಧ್ಯಾಪಕರು, ವ್ಯಾಪಾರ ನಡೆಸುವವನು ಸಾಮಗ್ರಿ ಬೆರೆಸುವವನಿದ್ದ ಹಾಗೆ ಎಂದರು. ಒಮ್ಮೆ ಇನ್ನೊಬ್ಬರು ಹೇಳಿಕೊಟ್ಟ ಹಾಗೆ ಮಾಡುತ್ತಾನೆ. ಒಮ್ಮೆ ತನ್ನದೇ ರೀತಿ ಹುಡುಕುತ್ತಾನೆ. ಒಮ್ಮೆ ಮನೆಯಲ್ಲಿ ಏನಿದೆಯೋ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳುತ್ತಾನೆ. ಹಾರ್ವರ್ಡ್‌ನ ನೀಲ್ ಬೋರ್ಡನ್ ಅದನ್ನೇ ಹಿಡಿದು ‘ಮಾರ್ಕೆಟಿಂಗ್ ಮಿಕ್ಸ್’ ಅಂದರು. ನಾಲ್ಕು ‘ಪಿ’ಗಳ ಲೆಕ್ಕ ಬಂದದ್ದು 1960ರಲ್ಲಿ, ಜೆರೋಮ್ ಮೆಕಾರ್ಥಿ ಅವರಿಂದ. ಅಂದರೆ ಮೂಲದಲ್ಲಿ ಇದು ಅಡುಗೆಮನೆಯ ಮಾತು. ಬೆರೆಸುವ ಕೈ ಅಲ್ಲಿ ಕಾಣುತ್ತದೆ. ನಮ್ಮ ‘ಮಿಶ್ರಣ’ದಲ್ಲಿ ಆ ಕೈ ಕಾಣುವುದಿಲ್ಲ.

ನನಗೆ ಹೊಳೆದ ಪದ ‘ಹದ’. ಪಾಕದ ಹದ, ಮಣ್ಣಿನ ಹದ, ಕಾಫಿಬೀಜ ಹುರಿಯುವ ಹದ. ಪುಡಿ ಒಳ್ಳೆಯದಾಗಿ, ಬೆಲೆ ಜಾಸ್ತಿಯಾಗಿ, ಅಂಗಡಿಗಳಿಗೆ ಮುಟ್ಟದೇ ಹೋದರೆ ‘ಹದ ತಪ್ಪಿತು’ ಅಂದರೆ ಸಾಕು, ಮಕ್ಕಳಿಗೆ ಥಟ್ಟನೆ ತಿಳಿಯುತ್ತದೆ. ತರಗತಿಯಲ್ಲಿ ‘ಮಾರಾಟದ ಹದ’ ಅಂತ ಹೇಳಿ ನೋಡಿದೆ, ಚೆನ್ನಾಗಿ ಕೂತಿತು. ಆದರೆ ಒಂದು ಅನುಮಾನ. ‘ಹದ’ ಅಂದಾಗಲೇ ‘ಸರಿಯಾಗಿದೆ’ ಅನ್ನುವ ಅರ್ಥ ಅದರೊಳಗೇ ಇದೆ. ಕೆಟ್ಟ ಮಾರ್ಕೆಟಿಂಗ್ ಮಿಕ್ಸ್ ಕೂಡ ಒಂದು ಮಿಕ್ಸ್ ತಾನೆ? ಅದನ್ನು ‘ತಪ್ಪು ಹದ’ ಅನ್ನಬಹುದೇ?

ಇನ್ನು ‘ಬೆಲೆ’. ಈ ಪದದ ಬಗ್ಗೆ ನನಗೆ ತಕರಾರಿಲ್ಲ, ಆದರೆ ಮಕ್ಕಳಿಂದ ನಾನೇ ಕಲಿತದ್ದನ್ನು ಹೇಳಬೇಕು. ತೋಟದ ಮನೆಗಳಿಂದ ಬಂದ ಮಕ್ಕಳು ಎಲ್ಲ ಕಡೆ ‘ರೇಟು’ ಅಂತಲೇ ಬರೆದಿದ್ದರು. ‘ಬೆಲೆ ಅಂತ ಯಾಕೆ ಬರೆದಿಲ್ಲ?’ ಅಂತ ಕೇಳಿದೆ. ‘ರೇಟು ನಾವು ಕೇಳೋದು ಸಾರ್, ಇಡೋದಲ್ಲ’ ಅಂದಳು ಒಬ್ಬ ಹುಡುಗಿ. ನಿಜ. ಬೆಳೆಗಾರ 50 ಕೆಜಿ ಮೂಟೆಗೆ ಇವತ್ತು ಎಷ್ಟು ಅಂತ ಕೇಳುತ್ತಾನೆ. ಆ ರೇಟು ಅರೇಬಿಕಾ ಜಾತಿಯ ಕಾಫಿಗೆ ನ್ಯೂಯಾರ್ಕ್, ರೋಬಸ್ಟಾ ಜಾತಿಗೆ ಲಂಡನ್ ಮಾರುಕಟ್ಟೆ ನೋಡಿಕೊಂಡು ಏರುತ್ತದೆ, ಇಳಿಯುತ್ತದೆ. ಅವಳ ಅಜ್ಜನ ಕಾಲದಲ್ಲಿ ಇಷ್ಟೂ ಇರಲಿಲ್ಲ, ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು. ಆ ಪದ್ಧತಿ ಪೂರ್ತಿ ನಿಂತದ್ದು 1996ರಲ್ಲಿ. ಪುಡಿ ಮಾಡಿ ಪೊಟ್ಟಣ ಕಟ್ಟಿದ ದಿನವೇ ಅವಳಿಗೆ ‘ಬೆಲೆ ಕಟ್ಟುವ’ ಅವಕಾಶ ಸಿಗುವುದು. ಪಾಠದಲ್ಲಿರುವುದು ಇದೇ. ಹಾಗಾಗಿ ಬರೀ ‘ಬೆಲೆ’ ಅನ್ನುವ ಬದಲು ‘ಬೆಲೆ ಕಟ್ಟುವುದು’ ಅಂದರೆ ಜಾಸ್ತಿ ಸರಿ ಅನ್ನಿಸುತ್ತಿದೆ.

‘ಸ್ಥಳ’ ಮಾತ್ರ ತೀರಾ ದಾರಿ ತಪ್ಪಿಸುತ್ತದೆ. ಎಲ್ಲ ಗುಂಪುಗಳೂ ‘ಸ್ಥಳ: ಚಿಕ್ಕಮಗಳೂರು’ ಅಂತ ಬರೆದು ಮುಗಿಸಿದ್ದವು. ಅಲ್ಲಿ ಕೇಳುತ್ತಿರುವುದು ಸರಕು ಕೊಳ್ಳುವವನ ಕೈಗೆ ಹೇಗೆ ಮುಟ್ಟುತ್ತದೆ ಅನ್ನುವುದು. ಏಜೆಂಟ್ ಯಾರು, ದಾಸ್ತಾನು ಎಲ್ಲಿ, ಸಾಗಣೆ ಹೇಗೆ, ಇವೆಲ್ಲ. ಇಂಗ್ಲಿಷಿನಲ್ಲಿ ನಾಲ್ಕೂ ‘ಪಿ’ಯಿಂದ ಶುರುವಾಗುತ್ತವೆ, ನಮಗೆ ಆ ಕಟ್ಟುಪಾಡು ಯಾಕೆ? ‘ವಿತರಣೆ’ ಇದ್ದೇ ಇದೆ. ‘ಮುಟ್ಟಿಸುವುದು’ ಇನ್ನೂ ಹತ್ತಿರ.

‘ಪ್ರಮೋಶನ್’ಗೆ ಒಬ್ಬ ಹುಡುಗ ನಿಘಂಟು ನೋಡಿ ‘ಬಡ್ತಿ’ ಅಂತ ಬರೆದಿದ್ದ. ‘ಪ್ರಚಾರ’ ಅಂದರೆ ಮೈಕು, ಪೋಸ್ಟರ್ ಅಷ್ಟೇ ನೆನಪಾಗುತ್ತವೆ. ಸಂತೆಯಲ್ಲಿ ಒಂದೊಂದು ಲೋಟ ಕಾಫಿ ಸುಮ್ನೆ ಕುಡಿಸುವುದು, ಎರಡು ಪೊಟ್ಟಣ ಕೊಂಡರೆ ಹತ್ತು ರೂಪಾಯಿ ಬಿಡುವುದು, ಇವೂ ಪ್ರಮೋಶನ್ನೇ. ಎಲ್ಲವನ್ನೂ ಹಿಡಿಯುವ ಪದ ನನಗೆ ಸಿಕ್ಕಿಲ್ಲ.

‘ಲಾಂಚ್’ಗೆ ‘ಲೋಕಾರ್ಪಣೆ’ ಬೇಡವೇ ಬೇಡ, ಅದು ಪುಸ್ತಕದ ಸಮಾರಂಭಕ್ಕಿರಲಿ. ‘ಹೊಸ ಪುಡಿ ಬಿಟ್ಟಿದ್ದಾರೆ’ ಅಂತ ಅಂಗಡಿಯವರೇ ಹೇಳುತ್ತಾರಲ್ಲ, ಆ ‘ಬಿಡುವುದು’ ಸಾಕು.

ಮುಂದಿನ ತಿಂಗಳು ಮಕ್ಕಳು ಹೋಂಸ್ಟೇ ಬಗ್ಗೆ ಯೋಜನೆ ಬರೆಯುತ್ತಾರೆ. ಸೇವೆಗಳಿಗೆ ಅಂತ 1981ರಲ್ಲಿ ಬೂಮ್ಸ್ ಮತ್ತು ಬಿಟ್ನರ್ ಅನ್ನುವ ಇಬ್ಬರು ವಿದ್ವಾಂಸರು ಇನ್ನೂ ಮೂರು ‘ಪಿ’ ಸೇರಿಸಿದ್ದಾರೆ. ಅದರಲ್ಲೊಂದಾದ ‘ಫಿಸಿಕಲ್ ಎವಿಡೆನ್ಸ್’ ಅನ್ನು ‘ಭೌತಿಕ ಸಾಕ್ಷ್ಯ’ ಅಂದರೆ ಕೋರ್ಟು ನೆನಪಾಗುತ್ತದೆ. ಹೋಂಸ್ಟೇ ಅಂಗಳ, ಹಾಸಿಗೆ, ಲೋಟದ ಹೊಳಪು ನೋಡಿಯೇ ಅತಿಥಿ ನಂಬುತ್ತಾನಲ್ಲ, ಅದಕ್ಕೆ ನಿಮ್ಮ ಊರಿನ ಕಡೆ ಏನನ್ನುತ್ತೀರಿ? ‘ಹದ’ ಮತ್ತು ‘ಪ್ರಮೋಶನ್’ ಬಗ್ಗೆಯೂ ದಯವಿಟ್ಟು ಬರೆಯಿರಿ. ಹಾಸನ, ಸಕಲೇಶಪುರದ ಕಡೆಯವರು ಇದ್ದರೆ ಅಂಗಡಿ ಸಾಲಿನಲ್ಲಿ ಕೇಳಿದ ಮಾತುಗಳನ್ನು ಇದ್ದ ಹಾಗೇ ಕಳಿಸಿ.